ಯಾರೂ ಇಲ್ಲ ಎಂದು ಬರೆದ ಜಾಗ

ನಮ್ಮ ಅಡುಗೆಮನೆಯಲ್ಲಿ ಈಗ ಚಹಾ ಕುದಿಯುತ್ತಿದೆ. ಕುಡಿಯಲಿಕ್ಕಲ್ಲ, ಕಾಗದಕ್ಕೆ. ಹಾಲಿಲ್ಲ, ಸಕ್ಕರೆ ಇಲ್ಲ, ಬರೀ ಪುಡಿ ಮತ್ತು ನೀರು. ಕುದ್ದು ಕುದ್ದು ಮನೆಯೆಲ್ಲ ಒಗರು ವಾಸನೆ. ಈ ಕಷಾಯದಲ್ಲಿ ಡ್ರಾಯಿಂಗ್ ಹಾಳೆಯನ್ನು ಅದ್ದಿ ಒಣಗಿಸಿದರೆ ಮೊನ್ನೆ ಬರೆದ ನಕ್ಷೆ ನಾನೂರು ವರ್ಷ ಹಳೆಯದಾಗಿ ಕಾಣುತ್ತದೆ. ಹಾಳೆ ಸಿದ್ಧ, ತಟ್ಟೆ ಸಿದ್ಧ, ಅದ್ದಲು ಮಾತ್ರ ಕೈ ಬರುತ್ತಿಲ್ಲ. ಒಮ್ಮೆ ಅದ್ದಿದ ಮೇಲೆ ರಬ್ಬರು ಹಚ್ಚಿದರೆ ಹಾಳೆ ಎದ್ದುಬರುತ್ತದೆ, ಆಮೇಲೆ ತಿದ್ದುವಂತಿಲ್ಲ. ಅದಕ್ಕೂ ಮೊದಲು ಆಲೂರಿನಿಂದ ಒಂದು ಮಾತು ಬರಬೇಕು. ಬೆಳಗಿನಿಂದ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ತಿರುಗುತ್ತಿದ್ದೇನೆ. "ಕಾಗದಕ್ಕ ಚಹಾ ಕುಡಿಸ್ತಾನ, ಮನಿಗೆ ಬಂದೋರಿಗೆ ನೀರು ಬೇಕೇನಂತ ಕೇಳಂಗಿಲ್ಲ," ಎಂದು ಅಮ್ಮ ಗೋಡೆಗೆ ಹೇಳುವಂತೆ ನನಗೆ ಹೇಳುತ್ತಿದ್ದಾಳೆ.

ನಿಮಗೆ ಮೊದಲು ನಮ್ಮ ಆಟದ ವಿಷಯ ಹೇಳಬೇಕು. ಇಲ್ಲದಿದ್ದರೆ ನಲವತ್ತರ ಹತ್ತಿರ ಬಂದ ಮೇಷ್ಟ್ರೊಬ್ಬ ಕಾಗದ ಬೇಯಿಸುತ್ತಿದ್ದಾನೆ ಎಂದುಕೊಳ್ಳುತ್ತೀರಿ. ಹೇಳಿದ ಮೇಲೂ ಹಾಗೆಯೇ ಅಂದುಕೊಂಡರೆ ನನ್ನ ತಕರಾರಿಲ್ಲ.

ಆಟ ಬಹಳ ಸರಳ. ಒಬ್ಬ ಕತೆ ಹೇಳುತ್ತಾನೆ, ಉಳಿದವರು ಆ ಕತೆಯೊಳಗಿನ ಪಾತ್ರಗಳು. "ಬಾಗಲದಾಗ ರಾಕ್ಷಸ ನಿಂತಾನ, ಏನ್ಮಾಡ್ತೀರಿ?" ಎಂದು ಅವನು ಕೇಳುತ್ತಾನೆ. ಓಡುತ್ತೇವೆ, ಹೊಡೆಯುತ್ತೇವೆ, ಕಾಲಿಗೆ ಬೀಳುತ್ತೇವೆ, ಏನು ಬೇಕಾದರೂ ಹೇಳಬಹುದು. ಹೇಳಿದ್ದು ನಡೆಯುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ, ಒಂದು ಬಿದ್ದರೆ ಗತಿ ಮುಗಿಯಿತು. ಆಂಧ್ರದ ಗಡಿಯೊಳಗಿನ ಆದೋನಿಯ ನಮ್ಮ ಮನೆಯ ಮಹಡಿಯ ಮೇಲೆ ಐದು ವರ್ಷ, ಪ್ರತಿ ಭಾನುವಾರ ಮಧ್ಯಾಹ್ನ, ನಾವು ನಾಲ್ವರು ಹೀಗೆ ಕೂತಿದ್ದೇವೆ. ನಾನು ಎಂಬತ್ತು ವರ್ಷದ ಮಂತ್ರವಾದಿ. ಎರಡು ಸಲ ಸತ್ತಿದ್ದೇನೆ. ಒಮ್ಮೆಯಂತೂ ಶಾಪ ಹಿಡಿದ ಬಾವಿಯೊಳಗೆ ಬಿದ್ದು, ದಾಳ ಮಂಚದ ಕೆಳಗೆ ಉರುಳಿ ಒಂದನ್ನು ತೋರಿಸಿತೆಂಬ ಒಂದೇ ಕಾರಣಕ್ಕೆ.

ಕತೆ ಹೇಳುತ್ತಿದ್ದವನು ಮಲ್ಲಿಕಾರ್ಜುನ. ನಮಗೆ ಮಲ್ಲಿ. ಆಲೂರಿನಿಂದಲೂ ಆಚೆ ಒಂದು ಹಳ್ಳಿಯವನು, ಕುರಿ ಸಾಕುವ ಮನೆತನ. ಆಲೂರು ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಭಾನುವಾರ ಅದರ ಶಟರ್ ಎಳೆದು ಬಸ್ಸು ಹತ್ತಿ ಬರುತ್ತಿದ್ದ. ಮೆಟ್ಟಿಲ ಕೆಳಗಿನಿಂದಲೇ "ಲೇ ಮಂತ್ರವಾದಿ, ಅದೀಯೋ ಸತ್ತೀಯೋ?" ಎಂದು ಕೂಗುತ್ತಿದ್ದ. ಮಾತಿನ ನಡುವೆ ತೆಲುಗು ನುಗ್ಗುತ್ತಿತ್ತು, ರಾಕ್ಷಸರು ಮಾತ್ರ ಅಪ್ಪಟ ಆಲೂರು ಕನ್ನಡದಲ್ಲಿ ಬೈಯುತ್ತಿದ್ದರು. ಅವನು ಕತೆ ಶುರು ಮಾಡಿದರೆ ಕರೆಂಟು ಹೋದದ್ದು ನಮಗೆ ಬೆವರಿದ ಮೇಲೆ ಗೊತ್ತಾಗುತ್ತಿತ್ತು.

ಅಂಥವನಿಗೆ ಒಂದು ನಕ್ಷೆ ಮಾಡಿಕೊಡೋಣ ಎಂದು ನನಗೆ ಹುಕಿ ಬಂತು. ಕತೆಯ ದೇಶಕ್ಕೆ ಒಂದು ನಕ್ಷೆ ಇರಬೇಡವೇ? ಶಾಲೆಯಲ್ಲಿ ಸೋಷಿಯಲ್ ಹೇಳಿಕೊಡುವವನು ನಾನು. ಉತ್ತರ ದಿಕ್ಕಿನ ಬಾಣ ಮರೆತ ಮಕ್ಕಳಿಗೆ ಅರ್ಧ ಮಾರ್ಕು ಕಡಿಯುವವನು. ಎರಡು ತಿಂಗಳು ಕೂತು ಬರೆದೆ. ನಡುವೆ ಬಂಡೆಗಳ ಮೇಲೊಂದು ಕೋಟೆ, ಅದರ ಸುತ್ತ ರಾಜಧಾನಿ. ಅದರಾಚೆ ಮಾಯದ ಬಟ್ಟೆ ನೇಯುವ ಮಗ್ಗದ ಊರು. ಎರಡಾಗಿ ಒಡೆದು ಹರಿಯುವ ನದಿ, ಡ್ರ್ಯಾಗನ್ ಗುಡ್ಡ, ಕಾಡು. ಚಹಾದಲ್ಲಿ ಅದ್ದಿದೆ. ಊದುಬತ್ತಿಯಿಂದ ಅಂಚು ಸುಡಲು ಹೋಗಿ ಒಂದು ಸಣ್ಣ ಸಾಮ್ರಾಜ್ಯವನ್ನೇ ಸುಟ್ಟುಕೊಂಡೆ. ಬಿಡಿಸುವಾಗಲೇ ಕೆಳಗಿನ ಎಡ ಮೂಲೆಗೆ ಬರುವಷ್ಟರಲ್ಲಿ ಕೈ ಸೋತಿತ್ತು. ಅಲ್ಲೊಂದು ತಲೆಬುರುಡೆ ಬಿಡಿಸಿ, "ಬರಡು ನಾಡು. ಇಲ್ಲಿ ಯಾರೂ ಇಲ್ಲ" ಎಂದು ಅಂಕುಡೊಂಕು ಅಕ್ಷರದಲ್ಲಿ ಬರೆದು ಮುಗಿಸಿದ್ದೆ. ಆ ಅಕ್ಷರಗಳ ಬಗ್ಗೆ ನನಗೆ ವಿಶೇಷ ಹೆಮ್ಮೆಯಿತ್ತು.

ಭಾನುವಾರ ನಕ್ಷೆ ಹಾಸಿ, "ತಪ್ಪಿದ್ರ ಹೇಳ್ರೋ," ಅಂದೆ. ಈ ಮಾತು ನಾವೆಲ್ಲ ಆಡುತ್ತೇವೆ, ಯಾರೂ ಮನಸ್ಸಿನಿಂದ ಆಡುವುದಿಲ್ಲ. ಊಟದ ಪಂಕ್ತಿಯಲ್ಲಿ "ಸಾರು ಹ್ಯಾಂಗಾಗ್ಯದ?" ಎಂದು ಕೇಳುತ್ತಾ ಬರುವ ಅಡುಗೆಯವನಿಗೆ ನಿಜ ಹೇಳಿ ನೋಡಿ, ಎರಡನೆಯ ಸಲ ಸಾರು ನಿಮ್ಮ ಎಲೆಯನ್ನು ದಾಟಿಕೊಂಡು ಹೋಗುತ್ತದೆ. ನನ್ನ ಗೆಳೆಯರು ಬುದ್ಧಿವಂತರು. ಒಬ್ಬ "ಸೂಪರ್" ಅಂದ. ಇನ್ನೊಬ್ಬ "ಬಾಗುಂದಿರಾ" ಎಂದು ತೆಲುಗಿನಲ್ಲಿ ಹೊಗಳಿ ಮಂಡಕ್ಕಿ ಬಟ್ಟಲಿಗೆ ಕೈ ಹಾಕಿದ. ನಾನು ಮಲ್ಲಿಯ ಮುಖವನ್ನೇ ನೋಡುತ್ತಿದ್ದೆ. ಅವನ ಬೆರಳು ಕೋಟೆಯಿಂದ ಹೊರಟು ನಿಧಾನವಾಗಿ ಕೆಳಗಿನ ಮೂಲೆಗೆ ಬಂದು ನಿಂತಿತು. ಬಹಳ ಹೊತ್ತು ಅಲ್ಲಿಯೇ ಇತ್ತು.

"ಚಂದ ಐತಿ," ಅಂದ.

ಅಂದು ಕತೆ ಬೇಗ ಮುಗಿಸಿ ಮುಂಚಿನ ಬಸ್ಸಿಗೇ ಹೊರಟ. ಮುಂದಿನ ವಾರ "ಅಂಗಡಿ ಐತಿ" ಎಂದು ಫೋನು. ಅದರ ಮುಂದಿನ ವಾರ "ಅಪ್ಪಗ ಹುಷಾರಿಲ್ಲ". ಆಮೇಲೆ ಫೋನೂ ಇಲ್ಲ. ಕತೆ ಹೇಳುವವನೇ ಇಲ್ಲದ ಮೇಲೆ ಉಳಿದಿಬ್ಬರೂ ಒಬ್ಬೊಬ್ಬರಾಗಿ ಬಿಟ್ಟರು. ಜನರಿಗೆ ಕೆಲಸ ಹೆಚ್ಚಾಗುತ್ತದೆ, ಇರಲಿ ಅಂದುಕೊಂಡೆ. ಮಲ್ಲಿ ಚಂದ ಎಂದ ನಕ್ಷೆಗೆ ಫ್ರೇಮ್ ಕಟ್ಟಿಸಿ ಪಡಸಾಲೆಯಲ್ಲಿ ತೂಗು ಹಾಕಿದೆ. ನೋಡಿ, ನಾನು ಎಂಥ ಜಾಣ. ಮೂರು ವರ್ಷ ಅದರ ಕೆಳಗೇ ಕೂತು ಉಪ್ಪಿಟ್ಟು ತಿಂದಿದ್ದೇನೆ. ಭಾನುವಾರ ಮಧ್ಯಾಹ್ನ ಮಾತ್ರ ಏನೋ ಕಳೆದುಕೊಂಡವನಂತೆ ಮಹಡಿ ಹತ್ತಿ ಇಳಿಯುತ್ತಿದ್ದೆ.

ಹೋದ ತಿಂಗಳು ಅಮ್ಮನ ಅಣ್ಣ ಶೇಷಗಿರಿ ಮಾಮ ಒಂದು ಮುಂಜಿಗೆಂದು ಊರಿಗೆ ಬಂದರು. ಸರ್ವೆ ಇಲಾಖೆಯಲ್ಲಿ ಬದುಕೆಲ್ಲ ಅಳತೆಯ ಚೈನು ಎಳೆಸಿ ನಿವೃತ್ತರಾದವರು. ಜೇಬಿನಲ್ಲಿ ಈಗಲೂ ಒಂದು ತುದಿ ಕೆಂಪು, ಒಂದು ತುದಿ ನೀಲಿ ಇರುವ ಪೆನ್ಸಿಲ್. ಊಟವಾದ ಮೇಲೆ ಮಲಗಬೇಕಾದವರು ಗೋಡೆಯ ಎದುರು ನಿಂತುಬಿಟ್ಟರು.

"ಇದು ಯಾವ ತಾಲೂಕು, ಯಾವ ಮಂಡಲದ್ದೋ?"

"ಮಂಡಲದ್ದಲ್ಲ ಮಾಮಾ. ಸುಳ್ಳು ದೇಶದ್ದು. ಆಟಕ್ಕ."

"ಸುಳ್ಳು ದೇಶಕ್ಕ ಉತ್ತರ ದಿಕ್ಕು ಇರಬಾರದಂತ ಏನರ ಸರ್ಕಾರಿ ಜಿ.ಓ. ಅದ ಏನು? ಬಿಚ್ಚು ಇದನ್ನ."

ಫ್ರೇಮ್ ಬಿಚ್ಚಿಸಿದರು. ನಕ್ಷೆಯನ್ನು ನೆಲಕ್ಕೆ ಹಾಸಿ, ಭೂತಗನ್ನಡಿ ಹಿಡಿದು, ಕೆಂಪು ತುದಿಯಿಂದ ಶುರು ಮಾಡಿದರು. ಅರ್ಧ ಮಾರ್ಕು ಕಡಿಯುವವನ ಗತಿ ನೋಡಲು ನಮ್ಮ ಎಂಟನೆಯ ತರಗತಿಯ ಮಕ್ಕಳು ಅಲ್ಲಿರಬೇಕಿತ್ತು.

"ಈ ಹೊಳಿ ಯಾಕ ಎರಡಾಗಿ ಒಡದದ? ಹೊಳಿ ಬಂದು ಕೂಡ್ತಾವೋ, ಒಡಿಯಂಗಿಲ್ಲ. ಒಡಿಯೋದು ಕಾಲುವಿ. ಹುಟ್ಟಿದಾಗಿಂದ ಕಾಲುವಿ ನೋಡಿ ಅದನ್ನೇ ಹೊಳಿ ಅಂತ ತಿಳಕೊಂಡೀದಿ. ಈ ಡ್ರ್ಯಾಗನ್ ಗುಡ್ಡದ ಪಟ್ಟಾ ಯಾರ ಹೆಸರಿನ್ಯಾಗ ಅದ?"

"ಡ್ರ್ಯಾಗನ್ನಿಗೆ ಯಾರು ಪಟ್ಟಾ ಕೊಡ್ತಾರ ಮಾಮಾ?"

"ಹಂಗಾದ್ರ ಸರ್ಕಾರಿ ಪೋರಂಬೋಕು ಅಂತ ಬರಿ. ಅಂವ ಒತ್ತುವರಿ ಮಾಡ್ಯಾನ."

ಒಳಗೆ ಅಮ್ಮ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ನನಗೂ ನಗು ಬಂತು. ಅಷ್ಟರಲ್ಲಿ ಮಾಮ ನಕ್ಷೆಯನ್ನು ಸ್ವಲ್ಪ ತಿರುಗಿಸಿ, ಗುಡ್ಡದ ಸಾಲಿನ ಮೇಲೆ ಬೆರಳಾಡಿಸಿ, "ಇದು ಆದೋನಿ ಅಲ್ಲೇನೋ?" ಅಂದರು.

ಅಲ್ಲ ಅನ್ನಲು ಬಾಯಿ ತೆರೆದೆ. ಕೋಟೆ ಇದ್ದದ್ದು ನಮ್ಮ ಕೋಟೆಯ ಗುಡ್ಡದ ಮೇಲೆಯೇ. ಮಗ್ಗದ ಊರು ಪಕ್ಕದ ನೇಕಾರರ ಎಮ್ಮಿಗನೂರು. ಕಾಲುವೆ ಹರಿದಲ್ಲೆಲ್ಲ ನಾನು ಹಸಿರು ಬಳಿದಿದ್ದೆ. ಎರಡು ತಿಂಗಳು ಕಲ್ಪನೆ ಮಾಡಿದ್ದೇನೆ ಎಂದು ಬೀಗಿದವನು ಕಿಟಕಿಯಾಚೆ ಇದ್ದುದನ್ನೇ ಬರೆದಿದ್ದೆ. ಕೆಂಪು ಪೆನ್ಸಿಲ್ ಕೆಳಗಿನ ಮೂಲೆಗೆ ಬಂತು.

"ಹಂಗಾದ್ರ ಇಲ್ಲಿ ಆಲೂರು ಬರಬೇಕಲ್ಲ. ಎಲ್ಲಿ ಹೋತು?" ಭೂತಗನ್ನಡಿ ಹಿಡಿದು ಅಂಕುಡೊಂಕು ಅಕ್ಷರ ಓದಿದರು. "ಯಾರೂ ಇಲ್ಲ ಅಂತ ಬರದೀ? ನಮ್ಮ ಸರ್ವೆ ಬುಕ್ಕಿನಾಗ ಹಂಗ ಬರೀಲಿಕ್ಕೆ ಕಾಲಮ್ಮೇ ಇಲ್ಲೋ. ಹಳ್ಳ ಅಂತ ಬರೀಬೇಕು, ಬಂಡಿ ದಾರಿ ಅಂತ ಬರೀಬೇಕು, ಮಸಣ ಅಂತ ಬರೀಬೇಕು. ಯಾರೂ ಇಲ್ಲ ಅಂತ ಬರದ್ರ ಸರ್ವೇಯರ್ ಅಲ್ಲಿಗೆ ಹೋಗೇ ಇಲ್ಲ ಅಂತ ಅರ್ಥ. ಇದನ್ನ ಯಾರಿಗರ ತೋರಿಸಿದ್ಯಾ?"

"ಆಲೂರಿನ ಗೆಳೆಯಗ ತೋರಿಸಿದ್ದೆ. ಚಂದ ಐತಿ ಅಂದ."

ಮಾಮ ಕನ್ನಡಕ ತೆಗೆದರು. "ಹಳ್ಳಿಗೆ ಹೋಗಿ ನಕ್ಷಿ ಬಿಚ್ಚಿದಾಗ ರೈತ ಮೈಮ್ಯಾಲೆ ಬಂದು ಜಗಳಾಡಿದ್ರ ನನಗ ಸಮಾಧಾನ ಆಗ್ತಿತ್ತು. ನಾಕು ಮಾತಾಡ್ತಾನ, ಮತ್ತ ಅಳೀತೀವಿ, ಮುಗೀತು. 'ಚಲೋ ಐತಿ ಸಾಮಿ' ಅಂತ ಹೆಬ್ಬಟ್ಟು ಒತ್ತಿ ಸುಮ್ನ ಎದ್ದು ಹೋದ್ನಲ್ಲ, ಅಂವನ್ನ ನೋಡಿದ್ರ ಎದಿ ಝಲ್ ಅಂತಿತ್ತು. ಅಂವ ಮತ್ತ ನಮ್ಮ ಹತ್ರ ಬರಂಗಿಲ್ಲ."

ಇಷ್ಟು ಹೇಳಿ ಅವರು ಮಲಗಿ ಗೊರಕೆ ಹೊಡೆದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಾಚಿಕೆಯಾಗಿತ್ತು, ಬಹಳ ನಾಚಿಕೆಯಾಗಿತ್ತು. ಐದು ವರ್ಷ ಅವನು ನಮ್ಮನೆಗೆ ಬಂದಿದ್ದಾನೆ. ನಾನು ಒಂದು ದಿನ ಆಲೂರಿನಲ್ಲಿ ಬಸ್ಸು ಇಳಿದವನಲ್ಲ. ಹತ್ತಿರದ ದಾರಿಯೇ ಆದರೂ, ಅಲ್ಲೇನಿದೆ ಎಂದು ಹೋಗಬೇಕು ಅನ್ನುವ ಸದರ. ಆ ಸದರವೇ ತಲೆಬುರುಡೆಯಾಗಿ ಮೂಲೆಯಲ್ಲಿ ಹಲ್ಲು ಕಿರಿಯುತ್ತಿತ್ತು.

ಮರುದಿನ ಶಾಲೆಗೆ ರಜೆ ಹಾಕಿ ಆಲೂರಿಗೆ ಹೋದೆ. ಮಲ್ಲಿ ಒಂದು ಫೋನಿನ ಹೊಟ್ಟೆ ಬಗೆದು ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ಬರ್ರಿ ಸರ್. ಕುಂದರ್ರಿ."

ಲೇ ಮಂತ್ರವಾದಿ ಎಂದು ಕರೆಯುತ್ತಿದ್ದವನು! ಆ 'ರಿ' ನನಗೆ ಕಪಾಳಕ್ಕೆ ಹೊಡೆದಂತಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಮಲ್ಲಿ, ಆ ನಕ್ಷಿದಾಗ ನಾ ತಪ್ಪು ಮಾಡೀನಿ," ಅಂದೆ.

"ಪರ್ವಾಲೇದು ಸರ್," ಎಂದು ತೆಲುಗಿಗೆ ಜಾರಿಕೊಂಡ. ಅಪರಿಚಿತ ಗಿರಾಕಿಗಳಿಗೆ ಹೇಳುವ 'ಚಿಂತಿಲ್ಲ' ಅದು. ಮತ್ತೆ ಕೆಲಸಕ್ಕೆ ಕೂತ. ನಾನು ಏಳಲಿಲ್ಲ. ಒಬ್ಬ ಗಿರಾಕಿ ಬಂದು ಹೋದ, ಇನ್ನೊಬ್ಬ ಬಂದು ಹೋದ. ಕೊನೆಗೆ ತಲೆ ಎತ್ತದೆಯೇ ಮಾತಾಡಿದ.

"ಯಾರೂ ಇಲ್ಲದ ಕಡಿಂದ ಐತಾರಕ್ಕೊಮ್ಮೆ ಬಸ್ ಹತ್ತಿ ಬರತಿದ್ದೋನು ಯಾರಂತ ತಿಳಕೊಂಡಿದ್ರಿ ಸರ್? ದೆವ್ವ ಅನಕೊಂಡ್ರೇನು?" ಸ್ಕ್ರೂಡ್ರೈವರ್ ಕೆಳಗಿಟ್ಟ. "ಐದು ವರ್ಷ ಕತಿ ಹೇಳಿದೆ. ಎಲ್ಲಾ ಎಲ್ಲಿಂದ ತಂದೆ? ಕತಿದಾಗ ಜೋಡಿ ಹುಣಸಿ ಅಂದೆನಲ್ಲ, ರಾಕ್ಷಸ ಇದ್ದದ್ದು, ಅಪ್ಪ ರಾತ್ರಿ ಕುರಿ ತರುಬಿ ನಿಲ್ಲಿಸೋ ಜಾಗ ಅದು. ನೀವು ಬಿದ್ದು ಸತ್ತ ಬಾವಿ, ನಮ್ಮವ್ವ ನೀರು ಸೇದತಿದ್ದ ಬಾವಿ. ಎಲ್ಲಾ ಅಲ್ಲೇ ಐತಿ. ಅದರ ಮ್ಯಾಲೆ ಬುರುಡಿ ಬರದು ನನ್ನ ಮುಂದ ಹಾಸಿ, ತಪ್ಪಿದ್ರ ಹೇಳ್ರೋ ಅಂದ್ರಿ. ಏನಂತ ಹೇಳಲಿ?"

ಇನ್ನೊಂದು ಬರೀತೀನಿ, ನೋಡ್ತೀಯಾ ಎಂದು ಕೇಳಿದೆ. "ಬರೀರಿ ಸರ್," ಅಂದ, ಅಷ್ಟೇ.

ಮೂರು ವಾರ ಹಿಡಿಯಿತು. ಅವನನ್ನು ಏನೂ ಕೇಳಲಿಲ್ಲ, ಕೇಳುವ ಮುಖವಿರಲಿಲ್ಲ. ಅವನು ಹೇಳಿದ ಕತೆಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಬರೆದೆ. ಜೋಡಿ ಹುಣಸೆಯಿಂದ ಹಳ್ಳಕ್ಕೆ ಒಂದು ರಾತ್ರಿಯ ನಡಿಗೆ ಅಂದಿದ್ದ. ಹಳ್ಳದಾಚೆ ಮಾತಾಡುವ ಮೂರು ಕಲ್ಲು. ಎಡಕ್ಕೆ ಗುಡ್ಡ, ಗುಡ್ಡದ ಮಗ್ಗುಲಿಗೆ ಬಾವಿ. ನನಗೇ ಆಶ್ಚರ್ಯವಾಗುವಷ್ಟು ನೆನಪಿತ್ತು. ಆ ಮೂಲೆ ತುಂಬಿ, ಜಾಗ ಸಾಲದೆ ಕೋಟೆಯನ್ನು ಮೇಲಕ್ಕೆ ಸರಿಸಬೇಕಾಯಿತು. ನದಿಗಳನ್ನು ಕೂಡಿಸಿದೆ, ಉತ್ತರದ ಬಾಣ ಹಾಕಿದೆ, ಡ್ರ್ಯಾಗನ್ ಗುಡ್ಡಕ್ಕೆ ಪೋರಂಬೋಕು ಎಂದು ಬರೆದೆ. ನಿನ್ನೆ ಅದರ ಜೆರಾಕ್ಸ್ ಸುರುಳಿ ಸುತ್ತಿ ಆಲೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದೆ. ಫೋನಿನಲ್ಲೇ ಕಳಿಸಬಹುದಿತ್ತು. ಅವನು ನೋಡಿದ ನೀಲಿ ಗುರುತು ಬಂದು ಉತ್ತರ ಬಾರದಿದ್ದರೆ ತಡೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ನಿನ್ನೆ ಸಂಜೆಯೇ ತಲುಪಿರಬೇಕು. ಇವತ್ತು ಮಧ್ಯಾಹ್ನವಾಯಿತು. 'ಚಂದ ಐತಿ ಸರ್' ಎಂದು ಬಂದರೆ? ಬೆಳಗಿನಿಂದ ನನ್ನನ್ನು ಓಡಾಡಿಸುತ್ತಿರುವ ಭಯ ಅದೊಂದೇ. ಇದನ್ನು ಬರೆಯಲು ಕೂತಮೇಲೆಯೂ ನಾಲ್ಕು ಸಲ ಎದ್ದು ಹೋಗಿ ಚಹಾಕ್ಕೆ ನೀರು ಬೆರೆಸಿ ಬಂದಿದ್ದೇನೆ.

ಇಲ್ಲಿಗೆ ಬರೆದು ಪೆನ್ನು ಕೆಳಗಿಟ್ಟಿದ್ದೆ. ಫೋನು ಬಂತು. ಅವಸರದಲ್ಲಿ ತಪ್ಪು ಗುಂಡಿ ಒತ್ತಿ ಮೊದಲ ಸಲ ಕಟ್ಟಾಯಿತು. ಮತ್ತೆ ಬಂತು.

"ಲೇ," ಅಂದ ಮಲ್ಲಿ.

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಕೇಳಸ್ತೈತೇನಲೇ? ತಪ್ಪೈತಿ ನಿನ್ನ ನಕ್ಷಿ. ಬಾವಿ ಗುಡ್ಡದ ಈಕಡಿ ಐತಿ, ನೀ ಆಕಡಿ ಹಾಕೀದಿ. ಕುರಿ ಎಲ್ಲಾ ನೀರಿಲ್ಲದ ಸಾಯ್ತಾವು."

"ಮತ್ತೇನು ತಪ್ಪೈತಿ?"

"ಭಾಳ ಅದಾವು. ಫೋನಿನಾಗ ಮುಗಿಯಂಗಿಲ್ಲ, ಐತಾರ ಬರ್ತೀನಿ. ದಾಳ ಎಲ್ಲಿಟ್ಟೀದಿ?"

"ಅದಾವೋ, ಇಲ್ಲೇ ಅದಾವು," ಎಂದು ಒಂದೇ ದಾಳಕ್ಕೆ ಬಹುವಚನ ಹಚ್ಚಿ ಹೇಳಿದೆ. ಒಳಗೆ ಹೋಗಿ ಒಲೆ ಆರಿಸಿದೆ. ಆಮೇಲೆ ರಬ್ಬರು ಹುಡುಕಲು ಕೂತೆ.