ಮಠದ ಮರದ ಹಣ್ಣು

ನಾವು ಗೇಯುತ್ತಿದ್ದ ಹೊಲ ನಮ್ಮದಲ್ಲ, ಮಠದ್ದು. ಸುಂಕದಕಟ್ಟೆಯ ಹತ್ತಿರ, ಮಾಗಡಿ ರಸ್ತೆಗೆ ಕೂಗಳತೆಯಲ್ಲಿತ್ತು. ಐವತ್ತರ ದಶಕ ಅದು. ಅತ್ತ ರಾಜಾಜಿನಗರದಲ್ಲಿ ಸೈಟು ಅಳೆಯುತ್ತಿದ್ದರೆ ಇತ್ತ ನಾವಿನ್ನೂ ರಾಗಿ ಬಿತ್ತುತ್ತಿದ್ದೆವು. ಬೆಳೆದದ್ದರಲ್ಲಿ ಅರ್ಧ ಮಠದ ಕಣಜಕ್ಕೆ, ಅರ್ಧ ನಮಗೆ. ಬದುವಿನ ಮೇಲಿದ್ದ ಹಲಸಿನ ಮರದಲ್ಲಿ ಮಾತ್ರ ನಮಗೆ ಪಾಲಿರಲಿಲ್ಲ. ಅದರ ಹಣ್ಣೆಲ್ಲ, ತಾನಾಗಿ ಉದುರಿದ್ದೂ ಸೇರಿ, ಗಾಡಿಯಲ್ಲಿ ಮಠಕ್ಕೇ ಹೋಗಬೇಕು. "ಮಠದ ಸೊತ್ತು ಬೆಂಕಿ ಕಣ್ರೇ, ತಿಂದೋರ ವಂಶ ಸುಡುತ್ತೆ" ಎಂದು ಅಜ್ಜಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ನನಗೆ ಆಗ ಹದಿನಾರು. ಬಾಯಿ ಜೋರು. ಅಣ್ಣನ ಹೆಂಡತಿ ನನಗಿಂತ ಎರಡೇ ವರ್ಷಕ್ಕೆ ದೊಡ್ಡವಳು. ಅವಳು ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಇಬ್ಬರೂ ಸೌದೆ ಆರಿಸಲು ಹೋಗಿದ್ದೆವು. ನಮ್ಮೆದುರೇ ಹಣ್ಣೊಂದು ದೊಪ್ಪನೆ ಬಿದ್ದು ಬಿರಿಯಿತು. ಆಹಾ, ಆ ವಾಸನೆ! ಅತ್ತಿಗೆ ಹಿಂದೆ ಸರಿದಳು.

"ಬೇಡ ಕಣೇ, ಮಠದ್ದು."

"ಬಿದ್ದ ಹಣ್ಣಿಗೆ ಯಾವ ದೊಣ್ಣೆನಾಯಕನ ಅಪ್ಪಣೆ ಬೇಕು? ಬಾಯಿ ತೆಗಿ ಅತ್ಗೆ" ಎಂದು ತೊಳೆ ಬಿಡಿಸಿ ನಾನೇ ಅವಳ ಬಾಯಿಗಿಟ್ಟೆ. ಆಮೇಲೆ ಇಬ್ಬರೂ ಹೊಟ್ಟೆ ಬಿರಿಯುವಷ್ಟು ತಿಂದೆವು. ಸಿಪ್ಪೆಯನ್ನು ಹಸುವಿಗೆ ಹಾಕಿ, ಕೈಗೆ ಹತ್ತಿದ ಮೇಣವನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದು, ಬಾಯಿಗೆ ಬೀಗ ಹಾಕಿಕೊಂಡೆವು.

ಮುಂದಿನ ಎರಡು ವರ್ಷದಲ್ಲಿ ಅತ್ತಿಗೆಗೆ ಎರಡು ಬಸಿರು ನಿಲ್ಲಲಿಲ್ಲ. ಮೂರನೆಯದಕ್ಕೆ ಐದು ತಿಂಗಳಾದಾಗ, ಒಂದು ಬೆಳಿಗ್ಗೆ ಅಜ್ಜಿಯ ಕಾಲು ಹಿಡಿದು ಹಲಸಿನ ಸಂಗತಿಯನ್ನು ಹೇಳಿಯೇಬಿಟ್ಟಳು. "ನಾನೊಬ್ಳೇ ತಿಂದೆ" ಅಂದಳು. ನಾನು ಒಲೆಯ ಮುಂದೆ ಕೂತಿದ್ದೆ. ನನಗೆ ಗಂಡು ನೋಡುತ್ತಿದ್ದ ಕಾಲ ಅದು. ನಾನೂ ತಿಂದೆ ಅನ್ನಬೇಕಿತ್ತು, ನಾಲಿಗೆ ಏಳಲಿಲ್ಲ. ಊರಿಗೆಲ್ಲ ಕೇಳುವ ಬಾಯಿ, ಬೇಕಾದಾಗ ಬರಲಿಲ್ಲ ನೋಡಿ.

ಅಜ್ಜಿ ಬಯ್ಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. "ಮಠಕ್ಕೆ ಹೋಗಿ ತಪ್ಪುಕಾಣಿಕೆ ಇಟ್ಟು ಬಾ. ಬಂಗಾರನೇ ಇಡ್ಬೇಕು" ಎಂದಳಷ್ಟೆ. ತಾಳಿ ಬಿಟ್ಟರೆ ಅತ್ತಿಗೆಗಿದ್ದ ಬಂಗಾರ ತವರಿನವರು ಹಾಕಿದ್ದ ಕೆಂಪು ಕಲ್ಲಿನ ಓಲೆ ಒಂದು ಜೊತೆ.

ಅವಳ ಜೊತೆ ಮಠಕ್ಕೆ ಹೋದವಳು ನಾನೇ. ಅಂಗಳ ದಾಟುವಾಗ ಉಗ್ರಾಣದ ಬಾಗಿಲು ತೆರೆದಿತ್ತು. ಒಳಗೆ ಬೆಳ್ಳಿಯ ಕೊಡಗಳು, ದೀಪದ ಕಂಬಗಳು, ಸೂರು ಮುಟ್ಟುವ ರಾಗಿ ಮೂಟೆಗಳು. ಮೂಲೆಯಲ್ಲಿ ಹಲಸಿನ ಹಣ್ಣಿನ ರಾಶಿ. ಅಡಿಯಲ್ಲಿದ್ದವು ಕೊಳೆತು ನೀರು ಸೋರುತ್ತಿದ್ದವು, ನೊಣ ಮುತ್ತಿತ್ತು. ನನ್ನ ಹೊಟ್ಟೆ ಉರಿದುಹೋಯಿತು. ಇದಕ್ಕೆ ಯಾರು ತಪ್ಪುಕಾಣಿಕೆ ಇಡುತ್ತಾರೆ ಎಂದು ಕೂಗಬೇಕೆನಿಸಿತು. ಆದರೆ ಅದೇ ಅಂಗಳದಲ್ಲಿ ಬಡವರ ಮಕ್ಕಳು ಸಾಲಾಗಿ ಕೂತು ಬಿಸಿ ಮುದ್ದೆ ಉಣ್ಣುತ್ತಿದ್ದರು. ನಮ್ಮ ಹೊಲದ ರಾಗಿಯದೇ ಇದ್ದರೂ ಇರಬಹುದು. ಬಯ್ಯಬೇಕೋ ಕೈ ಮುಗಿಯಬೇಕೋ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

ಅತ್ತಿಗೆ ಸ್ವಾಮಿಗಳಿಗೆ ಅಡ್ಡಬಿದ್ದು, "ತಪ್ಪಾಯ್ತು ಬುದ್ಧಿ" ಎಂದು, ಅಲ್ಲೂ ತಾನೊಬ್ಬಳೇ ತಿಂದದ್ದೆಂದು ಹೇಳಿ, ಎರಡೂ ಓಲೆ ಬಿಚ್ಚಿ ತಟ್ಟೆಯಲ್ಲಿಟ್ಟಳು. ಸ್ವಾಮಿಗಳಿಗೆ ತುಂಬ ವಯಸ್ಸಾಗಿತ್ತು. ಅವಳ ಬರಿಗಿವಿಯನ್ನು ನೋಡಿದರು.

"ಒಂದು ಸಾಕು ತಾಯಿ. ಇನ್ನೊಂದು ಎತ್ಕೋ."

"ಇಲ್ಲ ಬುದ್ಧಿ, ಎರಡೂ ಇರ್ಲಿ."

"ಹೇಳಿದ್ನಲ್ಲ, ಒಂದು ಸಾಕು."

ಅತ್ತಿಗೆ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

ದಾರಿಯುದ್ದಕ್ಕೂ ನಾನು ಬಯ್ದೆ. "ಸ್ವಾಮಿಗಳೇ ಬೇಡ ಅಂದ್ರೂ ಕೊಟ್ಯಲ್ಲ, ತಲೆ ಕೆಟ್ಟಿದ್ಯಾ? ಅಲ್ಲಿ ಹಣ್ಣು ಕೊಳೀತಾ ಬಿದ್ದಿದೆ, ನೋಡ್ಲಿಲ್ವಾ?" ಅವಳು ಸೆರಗನ್ನು ಬರಿಗಿವಿಯ ಮೇಲೆಳೆದುಕೊಂಡು ಮುಂದೆ ನಡೆದಳು.

ಮಗು ಉಳಿಯಿತು. ಅಜ್ಜಿ ಮಠದ ದಿಕ್ಕಿಗೆ ಕೈ ಮುಗಿದಳು. ಅತ್ತಿಗೆ ಕಿವಿಯ ತೂತು ಮುಚ್ಚದಿರಲೆಂದು ತೆಂಗಿನ ಗರಿಯ ಕಡ್ಡಿ ಸಿಕ್ಕಿಸಿಕೊಂಡು ವರ್ಷಗಟ್ಟಲೆ ಓಡಾಡಿದಳು. ಮಠಕ್ಕೆ ಅಷ್ಟೊಂದು ಐಶ್ವರ್ಯ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನನಗೆ ಆ ಕಡ್ಡಿಯೂ, ಮುಂದಕ್ಕೆ ತಳ್ಳಿದ ಆ ತಟ್ಟೆಯೂ ನೆನಪಾಗುತ್ತಿದ್ದವು. ನನಗೂ ಮದುವೆಯಾಯಿತು, ಮೂರು ಮಕ್ಕಳು, ಮೂರೂ ಗಟ್ಟಿಮುಟ್ಟು.

ಈಗ ಹೊಲವೂ ಇಲ್ಲ, ಮರವೂ ಇಲ್ಲ, ಬರೀ ಮನೆಗಳು. ಇಬ್ಬರೂ ಮುದುಕಿಯರಾದ ಮೇಲೆ ಒಂದು ಮಧ್ಯಾಹ್ನ ಪೇಟೆಯಿಂದ ತಂದ ಹಲಸಿನ ಹಣ್ಣು ಬಿಡಿಸುತ್ತ ಕೂತಿದ್ದೆವು. ನನ್ನ ಹಳೆಯ ಸಿಟ್ಟು ಮತ್ತೆ ಎದ್ದಿತು. "ಒಂದು ಸಾಕು ಅಂದ್ರೂ ಎರಡೂ ಯಾಕೆ ಕೊಟ್ಟೆ ಅತ್ಗೆ?"

ಅವಳು ಎಣ್ಣೆಗೈಯಲ್ಲಿ ಒಂದು ತೊಳೆ ಎತ್ತಿ ನನ್ನ ಬಾಯಿಗಿಟ್ಟಳು.

"ಒಂದು ನಂದು ಕಣೇ, ಇನ್ನೊಂದು ನಿಂದು. ನಿನ್ ಮಕ್ಕಳೂ ಉಳೀಬೇಕಿತ್ತಲ್ಲ."