ಮೂರು ಸಹಿಯ ಕೆಂಚಪ್ಪ

ಹತ್ತರಗಿಯ ಹೆದ್ದಾರಿ ಬದಿಯ ಗೋದಾಮಿನಲ್ಲಿ ಕೆಂಚಪ್ಪ ಕಾಯುವುದು ಒಂದೇ ಒಂದು ವಸ್ತುವನ್ನು: ಟರ್ಬೈನಿನ ರೋಟರ್, ಅಂದರೆ ಕಾರ್ಖಾನೆಗೆ ವಿದ್ಯುತ್ ಕೊಡುವ ಯಂತ್ರದೊಳಗೆ ತಿರುಗುವ ಉಕ್ಕಿನ ದಂಡ. ಅಣು ವಿದ್ಯುತ್ ಸ್ಥಾವರದವರು ದುಬಾರಿ ಬಿಡಿಭಾಗಗಳನ್ನು ಹಂಚಿಕೊಳ್ಳುತ್ತಾರೆಂದು ಎಲ್ಲೋ ಕೇಳಿದ ಮೂವರು ಸಕ್ಕರೆ ಕಾರ್ಖಾನೆ ಮಾಲೀಕರು, ಯಾರದು ಕೆಟ್ಟರೂ ಬಳಸಲು ಒಂದಿರಲಿ ಎಂದು ಕೂಡಿ ಕೊಂಡದ್ದು. ಈದ ಎಮ್ಮೆಗೂ ಯಾರೂ ಅಷ್ಟು ಆರೈಕೆ ಮಾಡಲಾರರು. ಎಣ್ಣೆ ಸವರುತ್ತಾನೆ, ಕಂಬಳಿ ಹೊದಿಸುತ್ತಾನೆ, ಮಲಗಿದಲ್ಲೇ ಬಾಗದಿರಲೆಂದು ಸೋಮವಾರಕ್ಕೊಮ್ಮೆ ಅರ್ಧ ಸುತ್ತು ತಿರುಗಿಸುತ್ತಾನೆ. ನೋಡಲು ಹೋದರೆ ಚಪ್ಪಲಿ ಹೊರಗೆ ಬಿಡಬೇಕು. ಕೇಳಲು ಹೋದರೆ ಒಂದೇ ಮಾತು: "ಮೂರೂ ಮಾಲಕರ ಸಹಿ ತರ್ರಿ, ಈಗಿಂದೀಗ ಕೊಡ್ತೇನಿ." ಹೋದ ಹಂಗಾಮಿನಲ್ಲಿ ಒಂದು ಕಾರ್ಖಾನೆಯ ರೋಟರ್ ಮುರಿಯಿತು. ಉಳಿದಿಬ್ಬರು ಮಾಲೀಕರು ಸಹಿ ಹಾಕಲಿಲ್ಲ. ಆ ಕಾರ್ಖಾನೆ ನಿಂತರೆ ಅದರ ಕಬ್ಬೆಲ್ಲ ಇವರಿಗೇ ಬರುತ್ತಿತ್ತು. ರೋಟರ್ ಮುರಿದ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ಕೆಂಚಪ್ಪನ ತಮ್ಮ ಮಾಲಿಂಗ ಮೂರು ದಿನ ಗೋದಾಮಿನ ಬಾಗಿಲಲ್ಲಿ ಕುಳಿತ. "ಅಣ್ಣಾ, ಕೀಲಿ ನಿನ್ನ ಕಡೇನ ಐತಲ್ಲ." ಕೆಂಚಪ್ಪ ಚಹಾ ತರಿಸಿದ, ಕೀಲಿ ತೆಗೆಯಲಿಲ್ಲ. ಕಾರ್ಖಾನೆ ಮುಚ್ಚಿತು. ರೋಟರ್ ತಿರುಗಿಸಲು ಇಬ್ಬರು ಬೇಕು; ಈಗ ಸೋಮವಾರ ಇನ್ನೊಂದು ತುದಿ ಹಿಡಿಯಲು ದಿನಗೂಲಿಗೆ ಬರುವವನು ಮಾಲಿಂಗ. ಕೆಂಚಪ್ಪ ಪ್ರತಿ ಸಲವೂ ಎಚ್ಚರಿಸುತ್ತಾನೆ: "ಸಾವಕಾಶ ತಿರವು ತಮ್ಮಾ. ಗೀರು ಬಿದ್ರ ಯಾರಿಗೂ ಉಪಯೋಗಕ್ಕ ಬರಂಗಿಲ್ಲ."