ಸಾಕ್ಷಿಗೂ ಹೋಳಿಗೆ

ಕಿಡ್ನಿ ರೋಗದ ಸಂಶೋಧನೆಗಾಗಿ ಇಪ್ಪತ್ತಾರು ಮೈಲಿ ಓಡುತ್ತೇನೆ ಎಂದು ನಾನು ಘೋಷಿಸಿದಾಗ ಆದವಾನಿಯ ಹತ್ತಿ ಸಾಹುಕಾರರೊಬ್ಬರು ಕೇಳಿದ ಮೊದಲ ಪ್ರಶ್ನೆ: "ನೀವು ಓಡಿದ್ರ ರೋಗದವರಿಗೆ ವಾಸಿ ಆಗ್ತೈತೇನ್ರಿ?"

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹಿಂದಿನ ವರ್ಷ ನನ್ನ ಅಣ್ಣ ಅದೇ ರೋಗದಿಂದ ತೀರಿಕೊಂಡಿದ್ದ. ಮದರಾಸಿನಲ್ಲಿ ಸಂಶೋಧನೆ ನಡೆದಿದೆ, ಹಣವಿಲ್ಲ ಎಂದು ನಮ್ಮ ಡಾಕ್ಟರು ಹೇಳಿದ್ದರು. ಹೊರದೇಶಗಳಲ್ಲಿ ಓಡಿ ಹಣ ಕೂಡಿಸುತ್ತಾರೆಂದು ಪೇಪರಿನಲ್ಲಿ ಓದಿದ್ದೆ. ತಾಲೂಕು ಕಚೇರಿಯ ಗುಮಾಸ್ತನಾದ ನನಗೆ ಅದುವರೆಗಿನ ವ್ಯಾಯಾಮವೆಂದರೆ ಫೈಲು ತಿರುವಿಹಾಕುವುದು. ಅದನ್ನೂ ಅವಸರವಿಲ್ಲದೆ ಮಾಡುತ್ತಿದ್ದೆ.

"ಐದು ಸಾವಿರ ಕೊಡ್ತೀನಿ ಸ್ವಾಮಿ," ಎಂದರು ಸಾಹುಕಾರರು. "ನಡುವ ಎಲ್ಲೆರ ಗಾಡಿ ಹತ್ತಿದ್ರ ಒಂದು ಪೈಸಾ ಇಲ್ಲ."

"ನನ್ನ ಮ್ಯಾಲೆ ನಂಬಿಕಿ ಇಲ್ಲೇನ್ರಿ?"

"ಐತಿ. ಹತ್ತಿ ಮ್ಯಾಲೂ ಐತಿ. ಆದ್ರೂ ಮೂಟಿ ಬಿಚ್ಚಿ ನೋಡ್ತೀವಲ್ಲ?"

ಹೀಗಾಗಿ ಅವರ ಅಂಗಡಿಯ ತೂಕದವನು ಸೈಕಲ್ ಮೇಲೆ ನನ್ನ ಹಿಂದೆ ಬಂದು, ಓಟವನ್ನು ಕಣ್ಣಾರೆ ಕಂಡು, ಸಾಕ್ಷಿ ಹೇಳತಕ್ಕದ್ದೆಂದು ತೀರ್ಮಾನವಾಯಿತು.

ನಾಗಲದಿನ್ನೆಯ ಹೊಳೆಯಿಂದ ಆದವಾನಿಗೆ ಇಪ್ಪತ್ತಾರು ಮೈಲಿಗಿಂತ ಹೆಚ್ಚು. ಆದ್ದರಿಂದ ಮೈಲಿಗಲ್ಲು ಎಣಿಸಿ, ಹೊಳೆಯಿಂದ ಕೊಂಚ ಈಚೆಗೆ, ಬೆಳಕು ಹರಿಯುವಾಗ ಹೊರಟೆವು. ಎರಡನೇ ಮೈಲಿಗೇ ಮೊದಲ ಬಸ್ಸು ಪಕ್ಕಕ್ಕೆ ಬಂದು ನಿಂತಿತು.

"ಎಕ್ಕಂಡಿ ಸಾರೂ, ಎಕ್ಕಂಡಿ!" ಎಂದು ಕಂಡಕ್ಟರ್ ತೆಲುಗಿನಲ್ಲಿ ಹತ್ತಲು ಕರೆದು ಕೈಚಾಚಿದ.

"ಹತ್ತಂಗಿಲ್ಲಪ್ಪಾ! ಕಿಡ್ನಿ ಸಲುವಾಗಿ ಓಡ್ತಿದೀನಿ!"

ಇಡೀ ಬಸ್ಸು ನನ್ನನ್ನು ಕನಿಕರದಿಂದ ನೋಡಿತು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆ ಬಸ್ಸು ಸುದ್ದಿಯನ್ನೂ ಹೊತ್ತುಕೊಂಡು ಮುಂದೆ ಹೋಯಿತು. ಹದಿನೆಂಟನೆಯ ಮೈಲಿಗೆ ನನ್ನ ಹೆಂಡತಿಯ ತವರೂರು. ತಲೆಗೆ ಟವೆಲ್ಲು ಸುತ್ತಿ, ರಸ್ತೆಯ ಆಚೆ ಬದಿಯಿಂದ ಗುರುತು ಸಿಗದಂತೆ ದಾಟಿಬಿಡುವುದೆಂದು ನಾನು ಯೋಚಿಸಿಟ್ಟಿದ್ದೆ. ಮಾವ ಚೊಂಬು ಹಿಡಿದು ರಸ್ತೆಯ ನಟ್ಟನಡುವೆ ನಿಂತಿದ್ದರು.

"ಬರ್ರಿ ಅಳಿಯಂದ್ರ, ಕಾಲಿಗೆ ನೀರು ತೊಗೊಳ್ರಿ."

"ಮಾವಾ, ನಿಂತ್ರ ಕಾಲು ಹಿಡೀತಾವ."

ಮಾವ ಕೈಹಿಡಿದು ಅಂಗಳಕ್ಕೆ ಕರೆದೊಯ್ದರು. ಅತ್ತೆ ನನ್ನೊಡನೆ ನೇರವಾಗಿ ಮಾತಾಡುವವರಲ್ಲ. ಹೇಳುವುದನ್ನೆಲ್ಲ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು. ಅಂದೂ ಕಂಬಕ್ಕೇ ಹೇಳಿದರು: "ಅಳಿಯ ಮನಿ ಮುಂದ ಓಡಿ ಹೋದ ಅಂದ್ರ ಊರಾಗ ಏನಂತಾರ? ಅತ್ತಿ ಅಡಿಗಿಗೆ ಅಂಜಿ ಓಡಿದ ಅಂತಾರ."

ನಿಂತಲ್ಲೇ ಕಾಲು ಎತ್ತಿ ಇಡುತ್ತ, ತುಪ್ಪ ಸುರಿಸಿಕೊಳ್ಳುತ್ತ, ಎರಡು ಹೋಳಿಗೆ ತಿಂದೆ. ಅಳಿಯನ ಜೊತೆ ಬಂದವನಿಗೂ ಅಳಿಯನದೇ ಮರ್ಯಾದೆ. ಸಾಕ್ಷಿ ಮಣೆಯ ಮೇಲೆ ಕೂತ. ಅವನ ಹೋಳಿಗೆಗಳನ್ನು ಏಳರವರೆಗೆ ಎಣಿಸಿ ನಾನು ಮುಖ ತಿರುಗಿಸಿದೆ. ಆಮೇಲೆ ನೋಡಿದರೆ ಬೇವಿನ ಕಟ್ಟೆಯ ಮೇಲೆ ಮಲಗಿದ್ದಾನೆ.

"ಏಳಪ್ಪಾ, ಹೊತ್ತಾಯ್ತು!"

"ಸೈಕಲ್ ತುಳಿಯಾಕ ಆಗಂಗಿಲ್ಲ ಸ್ವಾಮಿ. ನೀವು ನಡೀರಿ. ಪೂರ್ತಿ ಓಡಿದ್ರು ಅಂತ ಹೇಳ್ತೀನಿ ಬಿಡ್ರಿ."

ನಿಜ ಹೇಳಬೇಕೆಂದರೆ, ಒಂದು ಕ್ಷಣ ಆ ಕಟ್ಟೆಯ ಮೇಲೆ ಇನ್ನೊಬ್ಬನಿಗೆ ಜಾಗವಿರುವುದು ನನಗೂ ಕಂಡಿತು. ಆದರೆ ಓಡುತ್ತಿದ್ದುದು ಅಣ್ಣನ ಹೆಸರಿನಲ್ಲಿ. ಉಳಿದ ಎಂಟು ಮೈಲಿಯನ್ನು ಸುಳ್ಳಿಗೆ ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. ಸಾಕ್ಷಿಯಿಲ್ಲದೆ ಹಣವಿಲ್ಲ. ಆದ್ದರಿಂದ ಮಾವನೂ ನಾನೂ ಅವನನ್ನು ಎತ್ತಿ ಸೈಕಲ್ ಮೇಲೆ ಕೂಡಿಸಿದೆವು. ಅವನು ಹ್ಯಾಂಡಲ್ ಹಿಡಿದ, ನಾನು ಹಿಂದಿನಿಂದ ತಳ್ಳಿದೆ. ದಾರಿಗಿರಲಿ ಎಂದು ಅತ್ತೆ ಬುತ್ತಿಯನ್ನೂ ಕಟ್ಟಿದರು. ಅದರ ಭಾರವೂ ಸೇರಿತು.

ಓಟವೆಂದು ಧೈರ್ಯವಾಗಿ ಕರೆಯಬಹುದಾದ ವೇಗದಲ್ಲಿ ಸಾಗಿದೆವು. ಅವನು ತೂಕಡಿಸಿದಾಗಲೆಲ್ಲ ಬೆನ್ನಿಗೆ ಗುದ್ದುತ್ತಿದ್ದೆ.

"ನೋಡೋ, ಓಡ್ತಿದೀನಿ!"

"ನೋಡಿದೆ ಸ್ವಾಮಿ, ನೋಡಿದೆ," ಎನ್ನುತ್ತಿದ್ದ, ಕಣ್ಣು ಮುಚ್ಚಿಕೊಂಡೇ.

ಸಂಜೆ ಹತ್ತಿ ಮಾರುಕಟ್ಟೆ ಮುಟ್ಟಿದಾಗ ಸಾಹುಕಾರರು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬನಿಯನ್ನನ್ನು ಎರಡು ಬೆರಳಲ್ಲಿ ಹಿಂಡಿ ನೋಡಿದರು. "ತ್ಯಾವ ಭಾಳ ಐತಿ. ತೂಕದಾಗ ಕಳೀಬೇಕಾಗ್ತೈತಿ." ಎಲ್ಲರೂ ನಕ್ಕರು, ನನಗೆ ನಗುವಷ್ಟು ಉಸಿರಿರಲಿಲ್ಲ.

"ಏನೋ, ಬಸ್ಸು ಹತ್ತಿದ್ರೇನು?" ಎಂದು ಸಾಕ್ಷಿಯ ಕಡೆ ತಿರುಗಿದರು.

"ಇಲ್ಲ ಸಾವ್ಕಾರ್ರ."

"ಸೈಕಲ್ಲು?"

ಸಾಕ್ಷಿ ತಲೆ ತಗ್ಗಿಸಿದ. "ನಾ ಹತ್ತಿದ್ದೆ. ಅವರ ಅತ್ತಿ ಮನಿಯಿಂದ ಇಲ್ಲಿತನ ಸ್ವಾಮಿಗಳೇ ತಳ್ಳಿದ್ರು."

ಸಾಹುಕಾರರು ಸೈಕಲ್ಲನ್ನೂ ಸಾಕ್ಷಿಯನ್ನೂ ಮೇಲಿಂದ ಕೆಳಗೆ ಅಳೆದು ನೋಡಿದರು. ಐದು ಸಾವಿರವೂ ಎದ್ದು ಹೋಗುತ್ತಿರುವುದು ನನ್ನ ಕಣ್ಣಿಗೆ ಕಂಡಿತು. ಕೊನೆಗೆ ಅವರು ತಮ್ಮ ಅಂಗಡಿಯ ಗುಮಾಸ್ತನನ್ನು ಕರೆದರು.

"ಐದು ಸಾವಿರ ಬರಿ. ಕೆಳಗ ಇನ್ನೊಂದು ಸಾಲು ಬರಿ: ನಮ್ಮ ಮಾಲು ಎಂಟು ಮೈಲಿ ಹೊತ್ತು ತಂದಿದ್ದಕ್ಕ ಹಮಾಲಿ, ಐವತ್ತು. ಅದೂ ಕಿಡ್ನಿಗೇ ಹೋಗಲಿ. ಕೂಡ್ರಿ ಸ್ವಾಮಿ."

ಕೂತೆ. ಏಳಲು ಆಗಲಿಲ್ಲ. ನಾಲ್ವರು ಹಮಾಲರು ಬಂದು ನನ್ನನ್ನು ಎತ್ತಿ ಜಟಕಾಗಾಡಿಗೆ ಹಾಕಿದರು. ಕೂಲಿ ಎಷ್ಟೆಂದು ಕೇಳಿದೆ. ಅವರಲ್ಲಿ ಹಿರಿಯನು ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, "ಬ್ಯಾಡ್ರಿ, ನಮ್ಮ ಕೂಲೀನೂ ಕಿಡ್ನಿ ರೊಕ್ಕದಾಗ ಹಾಕ್ರಿ," ಎಂದ.